ರದ್ದಿಯಲ್ಲಿ ಬಂದ ಸತ್ತವರು

ಅವರು ತೀರಿಹೋದ ಸುದ್ದಿಯನ್ನು ಅವರ ಕಿರಿಯ ಮಗಳು ಫೋನಿನಲ್ಲಿ ಹೇಳಿದಳು. ಏನಾಗಿತ್ತು, ಯಾವಾಗ ಎಂದು ಕೇಳುವ ಮೊದಲೇ ನನ್ನ ಬಾಯಿಂದ ಬಂದ ಮಾತು, "ಅವರಿಗೆ ಬಡಿಸಿದ್ರಿ ಏನು?" ಅವಳು ಅಳುತ್ತಲೇ ನಕ್ಕು, "ಹದಿಮೂರನೇ ದಿನ ಬಡಿಸ್ತೇವೆ. ನೀವು ಬರಲೇಬೇಕು" ಎಂದಳು. ಧಾರವಾಡದ ಹೆಂಗಸೊಬ್ಬಳು ಸಾವಿನ ಸುದ್ದಿ ಕೇಳಿ ಮೊದಲು ಊಟದ ಮಾತೆತ್ತುವುದೆಂದರೆ ನಮ್ಮ ಕಡೆ ನಗೆಪಾಟಲು. ಆದರೆ ಅದನ್ನು ನನಗೆ ಕಲಿಸಿದವರು ಅವರೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಅವರನ್ನು "ಅಕ್ಕಾರ" ಎಂದೇ ಕರೆಯುತ್ತಿದ್ದೆ. ಅವರದೇ ಒಂದು ಮಾತಿತ್ತು: "ಸತ್ತವರ ಹೆಸರು ಸುಮ್ಮಸುಮ್ಮನೆ ಕರೆಯಬಾರದು. ಬಡಿಸುವಾಗ ಕರೆಯದೆ ಇರಬಾರದು." ಇದು ಬರವಣಿಗೆ, ಬಡಿಸುವುದಲ್ಲ. ಹಾಗಾಗಿ ಹೆಸರು ಬೇಡ.

ಐವತ್ತರ ದಶಕದ ಆರಂಭದಲ್ಲಿ ನಾನು ಮದುವೆಯಾಗಿ ಮುಂಬಯಿಯ ಮಾಟುಂಗಕ್ಕೆ ಬಂದೆ. ಚಾಳಿನ ಎರಡನೇ ಮಹಡಿ, ಉದ್ದನೆಯ ಗ್ಯಾಲರಿ, ಒಂದೇ ಕೋಣೆ. ನನ್ನವರು ಬೆಳಿಗ್ಗೆ ಲೋಕಲ್ ಹಿಡಿದು ಆಫೀಸಿಗೆ ಹೋದರೆ ಸಂಜೆಯವರೆಗೆ ನನಗೆ ಗೋಡೆಯೇ ಗೆಳತಿ. ಮ್ಯಾಟ್ರಿಕ್ ಪಾಸಾಗಿದ್ದೆ, ಇಂಗ್ಲಿಷ್ ಓದಬಲ್ಲೆ ಎಂಬ ಜಂಬವೂ ಸಾಕಷ್ಟಿತ್ತು. ಆ ಜಂಬವನ್ನು ತೋರಿಸಲು ಇಡೀ ಮುಂಬಯಿಯಲ್ಲಿ ಒಬ್ಬರೂ ಸಿಕ್ಕಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಅಕ್ಕಾರು. ಉಡುಪಿ ಕಡೆಯವರು, ಮನೆಮಾತು ತುಳು, ವಯಸ್ಸು ನಲವತ್ತರ ಮೇಲೆ. ಗಂಡ ವಿಲೆ ಪಾರ್ಲೆಯ ಒಂದು ಹೋಟೆಲಿನಲ್ಲಿ ಅಡುಗೆಗೆ ಇದ್ದರು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಅಕ್ಕಾರು ಮನೆಯಲ್ಲೇ ಕೂತು ರದ್ದಿಯಿಂದ ಕಾಗದದ ಚೀಲ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದರು. ಮೈದಾ ಹಿಟ್ಟಿನ ಅಂಟಿಗೆ ಹುಳ ಹಿಡಿಯದಂತೆ ಚೂರು ಮೈಲುತುತ್ತು ಹಾಕಿ ಕುದಿಸಿ, ಕಾಗದಗಳನ್ನು ಒಂದರ ಮೇಲೊಂದು ಸ್ವಲ್ಪ ಸ್ವಲ್ಪವೇ ಜಾರಿಸಿಟ್ಟು, ಎಲ್ಲದರ ಅಂಚಿಗೂ ಒಂದೇ ಸಲ ಅಂಟು ಎಳೆಯುತ್ತಿದ್ದರು. ಆಮೇಲೆ ಆ ಬೆರಳುಗಳು ಮಡಿಸುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಆ ವರ್ಷ ರದ್ದಿಯವನು ಹೊಸ ತರಹದ ಕಟ್ಟುಗಳನ್ನು ತರತೊಡಗಿದ. ಅಮೆರಿಕದಿಂದ ಹಡಗಿನಲ್ಲಿ ಬಂದ ಹಳೆಯ ಕಾಗದವಂತೆ. ಅದರಲ್ಲಿ ಚಿತ್ರದ ಪುಸ್ತಕಗಳೂ ಇದ್ದವು. ಒಂದೊಂದರಲ್ಲಿ ನಾಲ್ಕು ಕತೆ, ಬಣ್ಣಬಣ್ಣದ ಚೌಕಗಳು, ಬಾಯಿಂದ ಹೊರಟ ಗುಳ್ಳೆಗಳಲ್ಲಿ ಮಾತು. ನಾಲ್ಕರಲ್ಲಿ ಮೂರು ಕತೆ ಹೆಣಗಳದ್ದು. ಒಬ್ಬ ಇನ್ನೊಬ್ಬನನ್ನು ಕೊಂದು ಹೂಳುತ್ತಾನೆ, ಸತ್ತವನು ಮಣ್ಣು ಕೊಡವಿಕೊಂಡು ಎದ್ದು ಬಂದು ಕೊಂದವನನ್ನು ಕೊಲ್ಲುತ್ತಾನೆ. ಒಂದು ಪುಸ್ತಕದಲ್ಲಿ ಕತೆ ಶುರುವಾಗುವ ಮೊದಲು ಕೈಯಲ್ಲಿ ಗಂಟೆ ಹಿಡಿದ ಹಲ್ಲಿಲ್ಲದ ಮುದುಕನೊಬ್ಬ ಬಂದು ಓದುವವರನ್ನು ನೋಡಿ ನಗುತ್ತಿದ್ದ.

ಒಂದು ಮಧ್ಯಾಹ್ನ ಅಕ್ಕಾರು ಆ ಪುಟ ಹಿಡಿದು ನನ್ನ ಬಾಗಿಲಿಗೆ ಬಂದರು.

"ಮಗಾ, ನಿನಗೆ ಇಂಗ್ಲಿಷ್ ಬರ್ತದಂತಲ್ಲ. ಈ ಮುದುಕ ಎಂತ ಹೇಳ್ತಾನೆ?"

ನಾನು ಓದಿ ನೋಡಿದೆ. ಅರ್ಧ ತಿಳಿಯಿತು. "ಬರ್ರಿ, ಕೂಡ್ರಿ, ನಿಮಗೊಂದು ಕತಿ ಹೇಳ್ತೀನಿ ಅಂತಾನ್ರಿ."

"ಗಂಟೆ ಉಂಟಲ್ಲ ಕೈಯಲ್ಲಿ. ನನಗೆ ಆಗಲೇ ಗೊತ್ತಾಯ್ತು. ಇವ ಸತ್ತವರ ಹತ್ರ ಮಾತಾಡುವವ. ನಮ್ಮಲ್ಲಿಯೂ ಇದ್ದಾರೆ. ಗಂಟೆ ಆಡಿಸಿ ಕರೀತಾರೆ, ನಿನಗೆ ಎಂತ ಬೇಕು ಅಂತ ಕೇಳ್ತಾರೆ."

ಅವನು ಓದುಗರನ್ನು ಹೆದರಿಸಲು ಇಟ್ಟ ಬೊಂಬೆ ಎಂದು ನಾನು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಅಂದಿನಿಂದ ದಿನಾ ಊಟವಾದ ಮೇಲೆ ನನ್ನ ಕೆಲಸ ಅದೇ. ಅವರು ಅಂಟು ಹಚ್ಚುವುದು, ನಾನು ಓದಿ ಹೇಳುವುದು. ಅಷ್ಟು ಭೀಕರ ಚಿತ್ರಗಳು, ಕಣ್ಣುಗುಡ್ಡೆ ಕೆನ್ನೆಗೆ ಜೋತುಬಿದ್ದ ಹೆಣಗಳು! ನನಗೆ ಮೈ ಜುಮ್ಮೆನ್ನುತ್ತಿತ್ತು. ಅಕ್ಕಾರು ಮಾತ್ರ ಹೆಣ್ಣು ನೋಡಲು ಹೋದವರ ಹಾಗೆ ಒಂದೊಂದನ್ನೂ ವಿಚಾರಿಸುತ್ತಿದ್ದರು. ಬೂಟು ಹಾಕಿಯೇ ಹೂಳುತ್ತಾರಲ್ಲ, ಯಾಕೆ? ಮೈ ಕೊಳೆತರೂ ಟೈ ಯಾಕೆ ಕೊಳೆಯಲಿಲ್ಲ? ಇಷ್ಟು ಜನ ಸತ್ತರೂ ಒಬ್ಬರ ಮನೆಯಲ್ಲೂ ಅಡುಗೆ ಒಲೆ ಕಾಣುವುದಿಲ್ಲವಲ್ಲ, ಇವರು ಉಣ್ಣುವುದೆಲ್ಲಿ? ನನಗೆ ಗೊತ್ತಿಲ್ಲ ಎಂದರೆ ಬಿಡುವವರಲ್ಲ.

ಅವರ ದೊಡ್ಡ ತಕರಾರು ಕತೆಯ ಕೊನೆಯ ಬಗ್ಗೆ. ಹೆಣ ಎದ್ದು ಬಂತು, ಕೊಂದವನ ಕತ್ತು ಹಿಸುಕಿತು, ಕತೆ ಮುಗಿಯಿತು. ಅಕ್ಕಾರು ಅಂಟಿನ ಕೈ ನಿಲ್ಲಿಸಿ ಕೇಳುತ್ತಿದ್ದರು, "ಆಮೇಲೆ?"

"ಮುಗೀತ್ರಿ ಅಕ್ಕಾರ. ಅಷ್ಟ ಅದ ಕತಿ."

"ಮುಗಿಯುವುದು ಹೇಗೆ ಮಾರಾಯ್ತಿ? ಕೊಂದು ಆಯ್ತು. ಅವನ ಹಸಿವು ಹೋಯ್ತಾ? ಒಬ್ಬರಾದರೂ ನಿನಗೆ ಎಂತ ಬೇಕು ಅಂತ ಕೇಳಿದರಾ? ಯಾರೂ ಕೇಳದೆ ಇದ್ದದ್ದಕ್ಕೇ ಅಲ್ಲವಾ ಅವ ಕತ್ತು ಹಿಸುಕಿದ್ದು!"

ಹೀಗೆ ಕತ್ತು ಹಿಸುಕುವ ಪುಟಗಳನ್ನು ಅವರು ಚೀಲ ಮಾಡುತ್ತಿರಲಿಲ್ಲ. ತಿನ್ನುವ ಸಾಮಾನಿಗೆ ಹಸಿದವರ ಕಾಗದ ಆಗದು ಎಂದು ಬೇರೆ ಎತ್ತಿಡುತ್ತಿದ್ದರು. ಮೂಲೆಯಲ್ಲಿ ಅಂಥ ಕಾಗದದ್ದೇ ಒಂದು ರಾಶಿ ಬೆಳೆಯಿತು.

ಇಷ್ಟು ಕುತೂಹಲ ಯಾಕೆಂದು ನನಗೆ ತಿಳಿದದ್ದು ಎರಡು ತಿಂಗಳಾದ ಮೇಲೆ. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ತೀರಿಹೋಗಿದ್ದಳು. ಕಿರಿಯವಳಿಗೆ ಆಗ ಹತ್ತೊಂಬತ್ತು. ಅವಳಿಗೆ ಬಂದ ಸಂಬಂಧಗಳೆಲ್ಲ ಕೊನೆಯ ಗಳಿಗೆಯಲ್ಲಿ ಮುರಿಯುತ್ತಿದ್ದವು. ಊರಿನಲ್ಲಿ ಪ್ರಶ್ನೆ ಇಟ್ಟು ಕೇಳಿಸಿದಾಗ ಬಂದ ಉತ್ತರ ಒಂದೇ: ಅಕ್ಕನಿಗೆ ಆಗದೆ ತಂಗಿಗೆ ಹೇಗೆ? ಸತ್ತವಳಿಗೂ ವಯಸ್ಸಾಗುತ್ತದೆ. ಇದ್ದಿದ್ದರೆ ಇಪ್ಪತ್ತೆರಡು. ಮದುವೆ ಕೇಳುತ್ತಿದ್ದಾಳೆ.

ತುಳುನಾಡಿನಲ್ಲಿ ಇದಕ್ಕೆ ಪದ್ಧತಿ ಇದೆ ಎಂದು ನಾನು ಮೊದಲು ಕೇಳಿದ್ದು ಆಗಲೇ. ಮದುವೆಯಾಗದೆ ತೀರಿಕೊಂಡ ಹುಡುಗಿಗೆ, ಮದುವೆಯಾಗದೆ ತೀರಿಕೊಂಡ ಹುಡುಗನನ್ನು ಹುಡುಕಿ ಮದುವೆ ಮಾಡುತ್ತಾರೆ. ಜಾತಿ ಒಂದೇ ಆಗಬೇಕು. ಬರಿ ಎಂದರೆ ಅವರಲ್ಲಿ ಗೋತ್ರದ ಹಾಗೆ, ಅದು ಬೇರೆಯಾಗಬೇಕು. ವಯಸ್ಸು ಹೊಂದಬೇಕು. ಊರಿನಲ್ಲಾದರೆ ಯಾರ ಮನೆಯಲ್ಲಿ ಯಾವ ಮಗು ಹೋಗಿದೆ ಎಂದು ಎಲ್ಲರಿಗೂ ಗೊತ್ತು. ಅಕ್ಕಾರ ಗಂಡನಿಗೆ ಅಲ್ಲಿ ಅಣ್ಣತಮ್ಮಂದಿರೊಂದಿಗೆ ಮಾತಿರಲಿಲ್ಲ. ಮುಂಬಯಿಯಲ್ಲೇ ಹುಡುಕಬೇಕು. ಅವರು ಹುಡುಕಿದರು ಕೂಡ. ಮಾಟುಂಗದ ಮಾರ್ಕೆಟ್ಟಿನಲ್ಲಿ, ಗುಡಿಯಲ್ಲಿ, ಸ್ಟೇಷನ್ನಿನಲ್ಲಿ, ತುಳು ಕಿವಿಗೆ ಬಿದ್ದ ಕಡೆಯೆಲ್ಲ ನಿಂತು ಕೇಳುತ್ತಿದ್ದರು, "ನಿಮ್ಮಲ್ಲಿ ಸತ್ತ ಹುಡುಗ ಇದ್ದಾನಾ?" ತಿಳಿದವರು ನಿಂತು ಮಾತಾಡುತ್ತಿದ್ದರು. ಒಮ್ಮೆ ಹುಮ್ಮಸ್ಸಿನಲ್ಲಿ ಪೋಸ್ಟ್‌ಮ್ಯಾನನಿಗೂ ಕೇಳಿಬಿಟ್ಟರು. ಅವನು ರತ್ನಾಗಿರಿಯವನು. ಮಾರನೇ ದಿನದಿಂದ ನಮ್ಮ ಗ್ಯಾಲರಿಯ ಕಾಗದಗಳನ್ನು ಕೆಳಗೇ ಕೊಟ್ಟು ಹೋಗತೊಡಗಿದ.

ನನ್ನನ್ನೂ ಕೇಳಿದರು. ಜಾತಿ ಬೇರೆಯೆಂದು ಅವರಿಗೆ ಗೊತ್ತಿತ್ತು, ಸುಮ್ಮನೆ ಕುತೂಹಲಕ್ಕೆ. "ನಿಮ್ಮ ಮನೆಯಲ್ಲಿ ಉಂಟಾ ಮಗಾ, ಸಣ್ಣ ಪ್ರಾಯದಲ್ಲಿ ಹೋದವರು?"

"ಯಾರೂ ಇಲ್ರಿ," ಎಂದೆ.

ಸುಳ್ಳು. ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ನನ್ನ ಅಣ್ಣ, ನನ್ನ ಮದುವೆಗೆ ಎರಡು ವರ್ಷ ಮೊದಲು ಹೊಲದ ಬಾವಿಗೆ ಈಜಲು ಹೋದವನು ತಿರುಗಿ ಬರಲಿಲ್ಲ. ಹತ್ತೊಂಬತ್ತು ವಯಸ್ಸು. ಬಿದ್ದನೋ, ಬೇಕೆಂದೇ ಬಿದ್ದನೋ ಎಂದು ಊರು ಗುಸುಗುಸು ಮಾಡಿತು. ಅವ್ವ ಅವನ ಹೆಸರನ್ನು ಮನೆಯಲ್ಲಿ ಯಾರೂ ಎತ್ತಬಾರದೆಂದು ಕಟ್ಟಪ್ಪಣೆ ಮಾಡಿದಳು. ಅವನಿಗೆ ಜೀವವಾಗಿದ್ದ ಶೇಂಗಾ ಹೋಳಿಗೆ ಆಮೇಲೆ ನಮ್ಮ ಮನೆಯಲ್ಲಿ ಆಗಲಿಲ್ಲ. ನನ್ನ ಗಂಡನಿಗೆ ಕೂಡ ನಾನು ಹೆಚ್ಚು ಹೇಳಿರಲಿಲ್ಲ.

ಅದಾಗಿ ಕೆಲವೇ ದಿನಗಳಲ್ಲಿ ಆ ಕತೆ ಬಂತು. ಕೆರೆ ದಂಡೆಯ ಹಿಟ್ಟಿನ ಗಿರಣಿ, ಇಬ್ಬರು ಗೆಳೆಯರು. ಗಿರಣಿಯ ಆಸೆಗೆ ಒಬ್ಬ ಇನ್ನೊಬ್ಬನನ್ನು ನೀರಿಗೆ ತಳ್ಳುತ್ತಾನೆ. ವರ್ಷ ಕಳೆದ ಮೇಲೆ ಮನೆಯ ಮೆಟ್ಟಿಲಿನ ಮೇಲೆ ಒದ್ದೆ ಹೆಜ್ಜೆ ಮೂಡುತ್ತದೆ. ದಿನಕ್ಕೊಂದು ಮೆಟ್ಟಿಲು ಮೇಲೆ. ಕೊನೆಯ ಚೌಕದಲ್ಲಿ ತಳ್ಳಿದವನು ಒಣ ಹಾಸಿಗೆಯ ಮೇಲೆ ನೀರು ಕುಡಿದು ಸತ್ತಿದ್ದಾನೆ. ಗಂಟೆಯ ಮುದುಕ ನಗುತ್ತಾನೆ.

ಅಕ್ಕಾರು ಆ ದಿನ ಒಂದೂ ಚೀಲ ಮಡಿಸಲಿಲ್ಲ. "ಪಾಪ, ಒಂದು ವರ್ಷ ಒದ್ದೆ ಬಟ್ಟೆಯಲ್ಲೇ!" ಎಂದು ಆ ಹುಡುಗನ ಮುಖವನ್ನೇ ನೋಡುತ್ತ ಕೂತರು. ಆಮೇಲೆ ಪ್ರಶ್ನೆಗಳು. ಎಷ್ಟು ಪ್ರಾಯ? ತಾಯಿ ಇದ್ದಾಳಾ? ಮದುವೆ ಆಗಿತ್ತಾ? ಪುಸ್ತಕದಲ್ಲಿ ಅದೊಂದೂ ಇರಲಿಲ್ಲ. ಇದ್ದರೂ ನನ್ನ ಮ್ಯಾಟ್ರಿಕ್ ಇಂಗ್ಲಿಷಿಗೆ ದಕ್ಕಿರಲಿಲ್ಲ. ಗೊತ್ತಿಲ್ಲ ಎನ್ನಲು ಜಂಬ ಬಿಡಲಿಲ್ಲ.

"ಹತ್ತೊಂಬತ್ತು," ಎಂದೆ. "ಮದುವಿ ಆಗಿಲ್ರಿ. ತಾಯಿ ಇದ್ದಾಳ. ಮಾತಾಡೂದಿಲ್ಲ."

"ಯಾಕೆ ಮಾತಾಡುವುದಿಲ್ಲ?"

"ಸಿಟ್ಟಾಗ್ಯಾಳ್ರಿ ಅವನ ಮ್ಯಾಲೆ."

"ಉಗುರು ಕಚ್ಚುವವನ ಹಾಗೆ ಕಾಣ್ತಾನೆ."

"ಹೌದ್ರಿ, ಕಚ್ಚತಿದ್ದ. ಶಿಳ್ಳೆನೂ ಛಲೋ ಹಾಕತಿದ್ದ."

ಮೊದಲ ಪುಟದ ಒಂದು ಚೌಕದಲ್ಲಿ ಆ ಹುಡುಗ ಗಿರಣಿಯ ಕಟ್ಟೆಯ ಮೇಲೆ ಕೂತು ದುಂಡಗಿನ ಏನನ್ನೋ ತಿನ್ನುತ್ತಿದ್ದ. ಅಕ್ಕಾರು ಅದರ ಮೇಲೆ ಬೆರಳಿಟ್ಟು, "ಇದು ಎಂತ ತಿನ್ನುವುದು?" ಎಂದರು.

"ಶೇಂಗಾ ಹೋಳಿಗಿ," ಎಂದುಬಿಟ್ಟೆ.

ಅವರು ಆ ಹೆಸರು ಕೇಳಿದವರೇ ಅಲ್ಲ. ಏನು ಹಾಕುತ್ತಾರೆ ಎಂದು ಕೇಳಿದರು. ಹುರಿದ ಶೇಂಗಾ, ಬೆಲ್ಲ, ಏಲಕ್ಕಿ, ಕುಟ್ಟಿ ಹೂರಣ ಮಾಡಿ ಕಣಕದಲ್ಲಿ ತುಂಬಿ ಲಟ್ಟಿಸುವುದು ಎಂದು ಹೇಳಿದೆ. ಹೇಳಿ ಮುಗಿಸುವ ಮೊದಲೇ, ಅಂಟಿನ ವಾಸನೆ ಎಂದು ಎದ್ದು ಗ್ಯಾಲರಿಗೆ ಹೋದೆ. ಅಮೆರಿಕದಲ್ಲಿ ಶೇಂಗಾ ಹೋಳಿಗೆ ಎಲ್ಲಿಂದ ಬಂತು ಎಂದು ಅವರು ಕೇಳಲಿಲ್ಲ. ಎಲ್ಲವನ್ನೂ ಕೇಳುವ ಹೆಂಗಸು ಅದನ್ನು ಕೇಳಲಿಲ್ಲ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಆ ಕತೆಯ ಪುಟಗಳನ್ನು ಅವರು ರಾಶಿಗೆ ಹಾಕದೆ, ಹಿರಿಯ ಮಗಳ ಅಂಗಿ ಇಟ್ಟಿದ್ದ ತಗಡಿನ ಪೆಟ್ಟಿಗೆಯಲ್ಲಿ ಇಟ್ಟರು.

"ಒಳ್ಳೆ ಹುಡುಗ," ಎಂದರು ಮುಚ್ಚುತ್ತ. "ಪ್ರಾಯವೂ ಸರಿಹೋಗ್ತಿತ್ತು. ಬರಿ ಕೇಳುವುದು ಯಾರ ಹತ್ರ?" ತಮಾಷೆಗೆ ಹೇಳಿದರೋ ನಿಜವಾಗಿಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕಿರಿಯವಳ ಇನ್ನೊಂದು ಸಂಬಂಧವೂ ಮುರಿದಾಗ ಅಕ್ಕಾರು ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಆ ಮೂಲೆಯ ರಾಶಿಯನ್ನು ಕೋಣೆಯ ನಡುವಿಗೆ ಎಳೆದು ತಂದರು.

"ಬಾ ಮಗಾ, ನಿನ್ನ ಅಕ್ಷರ ಚೆಂದ ಉಂಟು. ಇದಕ್ಕೆ ಬರೆ. ತಿನ್ನುವ ಸಾಮಾನಿಗೆ ಆಗದಿದ್ದರೂ ಸತ್ತವರ ಸುದ್ದಿಗೆ ಸತ್ತವರ ಕಾಗದವೇ ಸರಿ."

ಅವರ ಉಪಾಯ ಇದು: ಮಾಟುಂಗದ ಒಂದು ಹುರಿಗಡಲೆ ಅಂಗಡಿಗೆ ಊರಿನವರೆಲ್ಲ ಬರುತ್ತಾರೆ. ಹೋಟೆಲಿನವರು, ಗುಡಿಗೆ ಬಂದವರು, ದೂರದ ಉಪನಗರಗಳಿಂದ ಸಾಮಾನಿಗೆ ಬಂದವರು. ಆ ಅಂಗಡಿಯ ಚೀಲದ ಮೇಲೆ ಬರೆದರೆ ಪ್ರತಿ ಮನೆಗೂ ಸುದ್ದಿ ಮುಟ್ಟುತ್ತದೆ. ನಾನು ಬಿಳಿ ಚೀಟಿಗಳ ಮೇಲೆ ಕನ್ನಡದಲ್ಲಿ ಬರೆದೆ, ಅವರು ಚೀಲಕ್ಕೊಂದರಂತೆ ಅಂಟಿಸಿದರು. "ನಾಲ್ಕನೆಯ ವರ್ಷದಲ್ಲಿ ತೀರಿಹೋದ ಹುಡುಗಿ. ಇದ್ದಿದ್ದರೆ ಇಪ್ಪತ್ತೆರಡು. ನಮ್ಮವರಲ್ಲಿ ತೀರಿಹೋದ ಹುಡುಗ ಇದ್ದರೆ ದಯವಿಟ್ಟು ತಿಳಿಸಿ." ಕೆಳಗೆ ಜಾತಿ, ಬರಿ, ಚಾಳಿನ ಗುರುತು.

"ಹುಡುಗಿ ಬೆಳ್ಳಗೆ, ಅಂತಲೂ ಬರೆ."

"ಈಗ ಯಾರು ನೋಡ್ತಾರ್ರಿ ಅಕ್ಕಾರ?"

"ಹುಡುಗನ ತಾಯಿ ಕೇಳುವುದಿಲ್ಲವಾ? ಬರೆ."

ಬರೆದೆ. ಕೈ ನೋಯುವವರೆಗೆ ಬರೆದೆ.

ಚೀಲದ ಒಂದು ಮಗ್ಗುಲಲ್ಲಿ ನನ್ನ ಚೆಂದದ ಅಕ್ಷರ, ಇನ್ನೊಂದು ಮಗ್ಗುಲಲ್ಲಿ ಗೋರಿಯಿಂದ ಏಳುವ ಹೆಣ. ಎರಡನೆಯ ದಿನವೇ ಅಂಗಡಿಯ ಶೇಟ್ ಉಳಿದ ಚೀಲಗಳನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದ. "ಅರೇ ಬಾಯಿ, ಯೇ ಕ್ಯಾ ಭೂತ್ ದಿಯಾ? ಮೇರಾ ಗಿರಾಕ್ ಭಾಗ್ ಜಾಯೇಗಾ!" ಭೂತ ಕಂಡು ಗಿರಾಕಿಗಳು ಓಡುತ್ತಾರೆಂಬ ಅವನ ಕೂಗಿಗೆ ಇಡೀ ಗ್ಯಾಲರಿ ಸೇರಿತು. ನಾನು ನಾಚಿಕೆಯಿಂದ ಒಳಗೆ ಸೇರಿಕೊಂಡೆ. ಅಕ್ಕಾರು ಮಾತ್ರ ಸಮಾಧಾನವಾಗಿ ಎಷ್ಟು ಚೀಲ ಆಗಲೇ ಹೋಗಿವೆ, ಯಾರು ಯಾರು ಒಯ್ದರು ಎಂದು ಅವನನ್ನೇ ವಿಚಾರಿಸಿದರು. ಆ ಅಂಗಡಿಯ ಕೆಲಸ ಅವತ್ತಿಗೆ ತಪ್ಪಿತು.

ಹತ್ತು ದಿನ ಯಾರೂ ಬರಲಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ ಒಬ್ಬ ಹೆಂಗಸು ಏದುಸಿರು ಬಿಡುತ್ತ ಮೇಲೆ ಬಂದಳು. ಕಾಂದಿವಲಿಯಿಂದ ಬಂದಿದ್ದಳು. ಸೆರಗಿನ ತುದಿಯ ಗಂಟು ಬಿಚ್ಚಿ, ನಾಲ್ಕು ಮಡಿಕೆಯಾಗಿದ್ದ ನಮ್ಮ ಚೀಲವನ್ನು ತೆಗೆದು ನೆಲದ ಮೇಲೆ ಸರಿಮಾಡಿ ಹಾಸಿದಳು.

"ಇದು ನಿಮ್ಮದಾ?"

ಅವಳ ಮಗ ಐದು ವರ್ಷದವನಿದ್ದಾಗ ಹೋಗಿದ್ದ. ಇದ್ದಿದ್ದರೆ ಇಪ್ಪತ್ತನಾಲ್ಕು. ಅಕ್ಕಾರು ಮೊದಲು ನೀರು ಕೊಟ್ಟರು, ಬೆಲ್ಲ ಕೊಟ್ಟರು. ಆಮೇಲೆ ಇಬ್ಬರು ತಾಯಂದಿರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ತುಳು ನನಗೆ ಅಷ್ಟಿಷ್ಟು ತಿಳಿಯುತ್ತಿತ್ತು, ಉಳಿದದ್ದನ್ನು ಅಕ್ಕಾರೇ ನನಗಾಗಿ ಕನ್ನಡದಲ್ಲಿ ಹೇಳುತ್ತಿದ್ದರು.

"ಹುಡುಗ ಭಾರಿ ಹಠ ಅಂತೆ ಮಗಾ."

ಕಾಂದಿವಲಿಯವಳು ಕಣ್ಣೊರೆಸಿಕೊಂಡು ಕನ್ನಡಕ್ಕೇ ಬಂದಳು. "ಹಠ ಅಂದ್ರೆ ಹಠ. ಮೀನಿಲ್ಲದೆ ಅನ್ನ ಮುಟ್ಟುವವನಲ್ಲ."

"ನಮ್ಮವಳು ಕಡಿಮೆಯಾ? ತಲೆ ಬಾಚಲಿಕ್ಕೆ ಇಬ್ಬರು ಹಿಡೀಬೇಕಿತ್ತು."

"ಹಾಗಾದ್ರೆ ಸರಿಯಾಯ್ತು ಜೋಡಿ."

ಇಬ್ಬರೂ ನಕ್ಕರು. ನಗುತ್ತಲೇ ಇಬ್ಬರೂ ಅತ್ತರು. ಸತ್ತ ಮಗನ ಹಠವನ್ನು ಯಾರ ಮುಂದಾದರೂ ಹೇಳಿಕೊಳ್ಳಬಹುದು ಎಂಬುದು ನನಗೆ ಗೊತ್ತೇ ಇರಲಿಲ್ಲ. ನನಗೆ ಅವರಿಬ್ಬರ ಮೇಲೆ ಹೊಟ್ಟೆಕಿಚ್ಚಾಯಿತು. ನಮ್ಮ ಅವ್ವನ ನೆನಪಾಯಿತು.

ಮದುವೆ ಕಾಂದಿವಲಿಯಲ್ಲಿ, ಹುಡುಗನ ಮನೆಯಲ್ಲಿ, ಒಂದು ಭಾನುವಾರ ಬೆಳಿಗ್ಗೆ. ಮದುವೆಯಾಗದವರು ನೋಡಬಾರದೆಂದು ಕಿರಿಯ ಮಗಳನ್ನು ಚಾಳಿನಲ್ಲೇ ಬಿಟ್ಟಿದ್ದರು. ನನ್ನನ್ನು ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಲೋಕಲಿನಲ್ಲಿ ಅಕ್ಕಾರು ತಗಡಿನ ಪೆಟ್ಟಿಗೆಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ಅಲ್ಲಿ ಎರಡು ಮಣೆ. ಒಂದರ ಮೇಲೆ ಮಡಿಸಿದ ಸೀರೆ, ರವಿಕೆ, ಬಳೆ, ಕುಂಕುಮ, ಮಲ್ಲಿಗೆ. ಇನ್ನೊಂದರ ಮೇಲೆ ಪಂಚೆ, ಶಲ್ಯ. ಹಾರ ಬದಲಾಯಿಸಿದರು, ಧಾರೆ ಎರೆದರು. ನಾಲ್ಕು ವರ್ಷಕ್ಕೆ ಹೋದವಳಿಗೆ ಅಕ್ಕಾರು ದೊಡ್ಡ ಹೆಂಗಸಿನ ಅಳತೆಯ ಬಳೆ ತಂದಿದ್ದರು. ಇಪ್ಪತ್ತೆರಡು ವರ್ಷದವಳ ಕೈ ಎಷ್ಟಿರುತ್ತದೆಂದು ಅಳೆಯಲು ವಾರದ ಹಿಂದೆ ನನ್ನ ಕೈಯನ್ನೇ ಹಿಡಿದು ನೋಡಿದ್ದರು. ನಗು ಬರಬಹುದೆಂದು ಹೆದರಿ ಬಂದವಳು ನಾನು. ನಗು ಬರಲಿಲ್ಲ.

ಆಮೇಲೆ ಊಟ. ಮದುಮಕ್ಕಳಿಗೆ ಎರಡು ಎಲೆ, ಎರಡೂ ಮನೆಗಳ ಹಿರಿಯರಿಗೆ ಒಂದಷ್ಟು ಎಲೆ. ಅನ್ನ, ಕೋಳಿ, ಮೀನು, ಕಡುಬು. ಅವುಗಳಿಂದ ಮಾರು ದೂರ ಬಾಗಿಲ ಬದಿಗೆ ಅಕ್ಕಾರು ಇನ್ನೊಂದು ಎಲೆ ಹಾಕಿದರು. ಬಡಿಸುವವಳು ಕೋಳಿಯ ಪಾತ್ರೆ ಹಿಡಿದು ಅತ್ತ ತಿರುಗಿದಾಗ, "ಅದಕ್ಕೆ ಬೇಡ, ಅವರು ತಿನ್ನುವವರಲ್ಲ" ಎಂದು ತಡೆದರು. ಮಾಂಸ ತಿನ್ನದ ನನಗಾಗಿ ಬೇರೆ ಹಾಕಿಸಿದ್ದಾರಲ್ಲ, ಎಷ್ಟು ಕಾಳಜಿ ಎಂದುಕೊಂಡು ನಾನು ಹೋಗಿ ಕೂರಲು ಬಾಗಿದೆ. ಅಕ್ಕಾರು ನನ್ನ ತೋಳು ಹಿಡಿದರು.

"ಅದು ನಿನಗಲ್ಲ ಮಗಾ."

ತಗಡಿನ ಪೆಟ್ಟಿಗೆಯಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ದಪ್ಪ ದಪ್ಪ, ಅಂಚು ಒಡೆದ, ಒಂದು ಮಗ್ಗುಲು ಕರಿಹಿಡಿದ ಎರಡು ಹೋಳಿಗೆ. ತೆಂಗಿನೆಣ್ಣೆಯ ವಾಸನೆ ಹೊಡೆಯುತ್ತಿತ್ತು. ಧಾರವಾಡದಲ್ಲಿ ಯಾರೂ ಅದನ್ನು ಶೇಂಗಾ ಹೋಳಿಗೆ ಎಂದು ಒಪ್ಪುತ್ತಿರಲಿಲ್ಲ. ಎರಡನ್ನೂ ಆ ಎಲೆಯ ಮೇಲಿಟ್ಟರು. ಪಕ್ಕದಲ್ಲಿ ಒಂದು ಒಣ ಪಂಚೆ ಇಟ್ಟರು.

"ಪುಸ್ತಕದ ಹುಡುಗನಿಗೇನ್ರಿ?" ಎಂದೆ.

"ಪುಸ್ತಕದವನಿಗೆ ಅವನ ಊರಿನವರು ಬಡಿಸಲಿ," ಎಂದರು ಅಕ್ಕಾರು. "ಉಗುರು ಕಚ್ಚುವವನು, ಶಿಳ್ಳೆ ಹಾಕುವವನು, ತಾಯಿ ಮಾತಾಡದೆ ಇರುವವನು. ಅವನಿಗೆ ಇದು. ಹೆಸರು ಮಾತ್ರ ನನಗೆ ಗೊತ್ತಿಲ್ಲ. ಹೆಸರು ಕರೆಯದೆ ಬಡಿಸಿದರೆ ಅವನಿಗೆ ಸೇರುವುದಿಲ್ಲ. ನೀನೇ ಕರೆ."

ಎಲ್ಲರೂ ಕಾಯುತ್ತಿದ್ದರು. ಅನ್ನದ ಆವಿ ಏಳುತ್ತಿತ್ತು. ನಾನು ಬಾಗಿಲ ಕಡೆ ತಿರುಗಿ, ಮೂರು ವರ್ಷದಲ್ಲಿ ಮೊದಲ ಸಲ, ಹೊಲದಿಂದ ಊಟಕ್ಕೆ ಕರೆಯುತ್ತಿದ್ದ ಹಾಗೆಯೇ ಕರೆದೆ.

"ಗುಂಡಣ್ಣಾ, ಬಾರೋ."